ಬಚ್ಚಲುಮನೆಯ ಪಂಚಮ

ಹೋದ ಜನವರಿಯಲ್ಲಿ ವಿರಾಜಪೇಟೆಯ ಮದುವೆಯೊಂದನ್ನು ಮುಗಿಸಿ ಕುಶಾಲನಗರಕ್ಕೆ ಹಿಂದಿರುಗುತ್ತಿದ್ದೆ. ಸಿದ್ದಾಪುರ ದಾಟುವಾಗ ಕಾರಿನೊಳಕ್ಕೆ ಪಲ್ಪಿಂಗ್ ವಾಸನೆ ನುಗ್ಗಿತು. ಕಾಫಿ ಹಣ್ಣಿನ ಸಿಪ್ಪೆ ಸುಲಿದು ರಾಶಿ ಹಾಕಿದ ಮೇಲೆ ಏಳುವ ಹುಳಿ ವಾಸನೆ ಅದು. ತಮ್ಮನ ಮೊಮ್ಮಗಳು ಮೂಗು ಮುಚ್ಚಿಕೊಂಡು ಗಾಜು ಏರಿಸಲು ಹೋದಳು. ಬೇಡ, ಇಳಿದೇ ಇರಲಿ ಎಂದೆ. ತೋಟದವರಿಗೆ ಆ ವಾಸನೆ ಎಂದರೆ ಫಸಲು. ನನಗೆ ಗುಣಾಕಾರ. ಕಾಫಿ ಕೊಯ್ಲಿನ ಒಂದು ಇಡೀ ಪಿಕ್ಕಿಂಗ್ ಕಾಲ ನಾನು ಸಂಜೆ ಸಂಜೆ ಪಲ್ಪಿಂಗ್ ಮನೆಯ ಪಕ್ಕದ ಆಫೀಸಿನಲ್ಲಿ ಕೂತು ಗುಣಿಸಿದ್ದೇನೆ. ಅದರಿಂದ ಸಂಗೀತದ ಟೀಚರ್ ಒಬ್ಬರ ಕೆಲಸ ಉಳಿಯಬೇಕಿತ್ತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಆಗ ಕೆಲವೇ ವರ್ಷವಾಗಿತ್ತು. ಮಡಿಕೇರಿಯಲ್ಲೇ ಮುಗಿಯುತ್ತಿದ್ದ ಕಡತಗಳು ಬೆಂಗಳೂರಿಗೆ ಹೋಗಿ ಬರತೊಡಗಿದ್ದವು. ಸಿದ್ದಾಪುರದ ಹುಡುಗಿಯರ ಶಾಲೆಯಲ್ಲಿ ಗಣಿತಕ್ಕೂ ಡ್ರಿಲ್ಲಿಗೂ ಟೀಚರಾಗಿ ನನ್ನ ಮೊದಲ ನೇಮಕ. ಹುಟ್ಟಿದ್ದು ಕುಶಾಲನಗರದ ಪಕ್ಕದ ಹೊಲಮನೆಯಲ್ಲಾದರೂ ಬೆಳೆದದ್ದು ಮೈಸೂರಿನ ಹಾಸ್ಟೆಲಿನಲ್ಲಿ. ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಉಣ್ಣುವುದು. ಹಾಸಿಗೆಯ ಚಾದರದಲ್ಲಿ ಒಂದು ಸುಕ್ಕು ಕಂಡರೆ ಆ ಬೆಳಿಗ್ಗೆ ಕಾಫಿ ಇಲ್ಲ ಎಂಬುದು ನಮ್ಮ ವಾರ್ಡನ್ನರ ಕಾನೂನು. ನಾನು ಆ ಕಾನೂನಿನಿಂದ ಕೆಟ್ಟವಳಲ್ಲ. ಇಂದಿಗೂ ನನ್ನ ಚಾದರಕ್ಕೆ ಸುಕ್ಕಿಲ್ಲ.

ಶಾಲೆ ನಡೆಯುತ್ತಿದ್ದದ್ದು ಕಾಫಿ ತೋಟದ ಇಂಗ್ಲಿಷ್ ದೊರೆಯೊಬ್ಬ ಬಿಟ್ಟುಹೋದ ಬಂಗಲೆಯಲ್ಲಿ. ಅವನ ಊಟದ ಮನೆಯಲ್ಲಿ ಎಂಟನೆಯ ತರಗತಿ, ಬೇಟೆಯ ಕೊಂಬುಗಳನ್ನು ತೂಗುಹಾಕಿದ್ದ ಕೋಣೆಯಲ್ಲಿ ಒಂಬತ್ತನೆಯದು, ಕುದುರೆ ಲಾಯದಲ್ಲಿ ಹೊಲಿಗೆ. ಎಲ್ಲ ಹಂಚಿ ಮುಗಿದ ಮೇಲೆ ಸಂಗೀತಕ್ಕೆ ಉಳಿದದ್ದು ದೊರೆಯ ಬಚ್ಚಲುಮನೆ.

ಹಂಡೆ, ಒಲೆ, ಹೊಗೆ ಇರುವ ನಮ್ಮ ಬಚ್ಚಲನ್ನು ಯಾರೂ ಊಹಿಸಿಕೊಳ್ಳಬಾರದು. ಎದೆಮಟ್ಟದವರೆಗೆ ಬಿಳಿ ಟೈಲು, ಅದರ ಮೇಲೆ ಕನ್ನಡಿಯಂಥ ಸಿಮೆಂಟು. ಬಾಗಿಲ ಕಡೆಯ ಗೋಡೆ ನೆಟ್ಟಗಿತ್ತು. ಎದುರು ಗೋಡೆ ತೋಟದ ಕಡೆಗೆ ಹೊಟ್ಟೆ ಬಿಟ್ಟಂತೆ ಉಬ್ಬಿ, ಮೂರು ನಾಲ್ಕು ಮಡಿಕೆಯಾಗಿ ತಿರುಗಿತ್ತು. ದೊರೆ ಟಬ್ಬಿನಲ್ಲಿ ಮಲಗಿಕೊಂಡೇ ತನ್ನ ಕಾಫಿ ನೋಡುತ್ತಿದ್ದನಂತೆ. ಟಬ್ಬು ಹೋಗಿತ್ತು, ನಲ್ಲಿಯ ತೂತು ಉಳಿದಿತ್ತು. ಮೇಲೆ ಬಿದಿರು ಚಾಪೆಯ ಸೂರು. ಐವರು ಹುಡುಗಿಯರು, ಒಂದು ತಂಬೂರಿ, ಒಬ್ಬ ಟೀಚರ್ ಕೂತರೆ ಬಾಗಿಲು ಮುಚ್ಚಲು ಯಾರಾದರೂ ಮಂಡಿ ಮಡಚಬೇಕಿತ್ತು.

ಆ ಟೀಚರ್ ಮಾಧವಿಯಮ್ಮ. ಕುಟ್ಟದ ಆಚೆಯ ಮಲಯಾಳ ಸೀಮೆಯವರು, ಐವತ್ತರ ಹತ್ತಿರದವರು, ಗಂಡನನ್ನು ಬೇಗ ಕಳೆದುಕೊಂಡವರು. ಬಂಗಲೆಯ ಹಿಂದೆ ದೊರೆಯ ಅಡುಗೆಯವನಿಗೆಂದು ಕಟ್ಟಿದ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೂ ಒಟ್ಟಿಗೆ ಇದ್ದೆವು. ನನ್ನ ಶಿಸ್ತು ಅವರಿಗೆ ದಿನದ ತಮಾಷೆ.

"ಕಮಲಾ ಟೀಚರೇ, ನಿಮ್ಮ ವಾಚು ನಿಂತುಹೋದರೆ ಹಸಿವೂ ನಿಲ್ಲುತ್ತದೋ?"

"ನಿಂತಿಲ್ಲವಲ್ಲ. ಊಟಕ್ಕೆ ಬನ್ನಿ."

"ಅಯ್ಯೋ ದೈವಮೇ. ಮಿಲಿಟರಿಯವರು ಇವರನ್ನು ಹೇಗೆ ಬಿಟ್ಟುಬಿಟ್ಟರು!"

ಅವರ ಹುದ್ದೆ ಕೊಡಗು ಬೇರೆ ರಾಜ್ಯವಾಗಿದ್ದಾಗ ಹುಟ್ಟಿದ್ದು. ಹೊಸ ರಾಜ್ಯದ ಇಲಾಖೆಗೆ ಅದು ತಾತ್ಕಾಲಿಕ. ಸಾಲದ್ದಕ್ಕೆ ಹಿಂದಿನ ವರ್ಷ ವಿರಾಜಪೇಟೆಯಲ್ಲಿ ನಡೆದ ಸಂಗೀತ ಪರೀಕ್ಷೆಯಲ್ಲಿ ಅವರ ಹುಡುಗಿಯರೆಲ್ಲ ನಪಾಸಾಗಿದ್ದರು. ಪರೀಕ್ಷಕರು ಎಲ್ಲರ ಬಗೆಗೂ ಒಂದೇ ದೂರು ಹೇಳಿದ್ದರು: ಷಡ್ಜದಿಂದ ಕೆಳಕ್ಕೆ ಇಳಿದಾಗ ಸಿಗುವ ಮಂದ್ರ ಪಂಚಮ ಶ್ರುತಿಯಲ್ಲಿ ನಿಲ್ಲುತ್ತಿಲ್ಲ, ಮೇಲಕ್ಕೆ ಜಾರುತ್ತಿದೆ. ಈ ವರ್ಷವೂ ಹೀಗಾದರೆ ಹುದ್ದೆ ಇರುವುದಿಲ್ಲ ಎಂದು ಹೆಡ್‌ಮಿಸ್ಟ್ರೆಸ್ ನನ್ನೆದುರೇ ಹೇಳಿದರು. ಹುದ್ದೆ ಹೋದರೆ ಮಾಧವಿಯಮ್ಮನಿಗೆ ಅಣ್ಣನ ಮನೆಯ ಅಡುಗೆಮನೆ. ಅಲ್ಲಿ ಅವರು ಹಾಡಿದರೆ ಅತ್ತಿಗೆಗೆ ತಲೆನೋವು ಬರುತ್ತಿತ್ತಂತೆ.

ವಿಚಿತ್ರವೆಂದರೆ, ಬಚ್ಚಲುಮನೆಯಲ್ಲಿ ಆ ಹುಡುಗಿಯರು ಹಾಡುವಾಗ ಎಲ್ಲಕ್ಕಿಂತ ಚೆನ್ನಾಗಿ ಕೇಳುತ್ತಿದ್ದದ್ದು ಆ ಪಂಚಮವೇ. ಬಂಗಲೆಯೊಳಗಿನ ಓಣಿಯಲ್ಲಿ ಹೋಗುವಾಗ ನಾನು ಎಷ್ಟೋ ಸಲ ನಿಂತಿದ್ದೇನೆ. ಮೇಲಿನ ಸ್ವರಗಳಲ್ಲಿ ಪೀಚಲಾಗಿದ್ದ ಮಕ್ಕಳ ದನಿ ಅಲ್ಲಿಗೆ ಇಳಿಯುತ್ತಲೇ ತುಂಬಿಕೊಂಡು, ಬಾಗಿಲಿನ ಹಲಗೆಗೂ ತಾಗುತ್ತಿತ್ತು. ಮಾಧವಿಯಮ್ಮನ ದನಿಯಂತೂ ಅಲ್ಲಿ ದೇವಸ್ಥಾನದ ಗಂಟೆಯ ಕೊನೆಯ ನಾದದಂತಿತ್ತು. ಹುಡುಗಿಯರಲ್ಲಿ ಪೇಟೆಯ ಬಟ್ಟೆ ಅಂಗಡಿಯವರ ಮಗಳು ಆಮಿನಾ ಮಾತಿನ ಮಲ್ಲಿ. ಒಂದು ದಿನ ಡ್ರಿಲ್ ಮುಗಿಸಿ ಬರುವಾಗ, ಅಷ್ಟು ಚೆನ್ನಾಗಿ ಹಾಡುವವರು ಪರೀಕ್ಷೆಯಲ್ಲಿ ಹೇಗೆ ತಪ್ಪಿದಿರಿ ಎಂದು ಅವಳನ್ನು ಕೇಳಿದೆ.

"ಮೇಲಿನ ಸ್ವರಕ್ಕೆ ನಾವೇ ಹಾಡ್ಬೇಕು ಟೀಚರ್. ಕೆಳಗಿನ ಪಂಚಮಕ್ಕೆ ಬಂದ್ರೆ ಕೋಣೆ ಹಾಡ್ತದೆ. ನಾವು ಬಾಯಿ ತೆರೆದ್ರೆ ಸಾಕು. ವಿರಾಜಪೇಟೆ ಹಾಲ್ ಹಾಡ್ಲೇ ಇಲ್ಲ!"

ಅವಳು ನಗೆಗೆ ಹೇಳಿದ್ದಳು. ಆ ಭಾನುವಾರ ಪಕ್ಕದ ತೋಟದ ಮನೆಯಲ್ಲಿ ಕಾಫಿ ಕುಡಿಯುತ್ತ ನಾನೂ ಅದನ್ನು ದೇವಕಿಗೆ ನಗೆಗೇ ಹೇಳಿದೆ. ದೇವಕಿ ಲೋಟ ಕೆಳಗಿಟ್ಟಳು.

ದೇವಕಿ ಯಾರೆಂದು ಹೇಳಬೇಕು. ಶಾಲೆಗೆ ತಾಗಿದ ತೋಟದ ಪೊನ್ನಪ್ಪಗೌಡರ ಒಬ್ಬಳೇ ಮಗಳು. ಮೈಸೂರಿನ ಹಾಸ್ಟೆಲಿನಲ್ಲಿ ನನಗಿಂತ ಮುಂದಿನ ತರಗತಿಯವಳು. ಚಾದರದ ಸುಕ್ಕಿನಿಂದ ಅವಳು ಕಳೆದುಕೊಂಡ ಕಾಫಿಗೆ ಲೆಕ್ಕವಿಲ್ಲ. ಎಂ.ಎಸ್ಸಿ. ಮುಗಿಸಿ ಮದರಾಸಿನಲ್ಲಿ ಗಣಿತದ ಸಂಶೋಧನೆಗೆ ಸೇರಿದ್ದಳು. ಆ ಡಿಸೆಂಬರಿನಲ್ಲಿ ಗೌಡರು ಕಾಫಿ ಒಣಗಿಸುವ ಕಣದ ಮೆಟ್ಟಿಲಿನಿಂದ ಬಿದ್ದು ಕಾಲು ಮುರಿದುಕೊಂಡರು. ಪಿಕ್ಕಿಂಗ್ ನಡೆಸಲು ಮಗಳು ಕಾಗದದ ಕಟ್ಟುಗಳ ಸಮೇತ ಮನೆಗೆ ಬಂದಳು. ಬೆಳಿಗ್ಗೆ ಆಳುಗಳ ಹಿಂದೆ, ಮಧ್ಯಾಹ್ನ ಪಲ್ಪಿಂಗ್ ಮನೆಯಲ್ಲಿ, ಸಂಜೆ ಸಂಶೋಧನೆ.

ಆ ಸಂಶೋಧನೆಯನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಕೊಳಲಿಗೆ ಅದರದೇ ಸ್ವರವಿರುವಂತೆ ಮುಚ್ಚಿದ ಕೋಣೆಗೂ ಅದರದೇ ಕೆಲವು ಸ್ವರಗಳಿವೆ. ಯಾರಾದರೂ ಆ ಸ್ವರ ಹಾಡಿದರೆ ಒಳಗಿನ ಗಾಳಿಯೆಲ್ಲ ಸೇರಿಕೊಂಡು ತೂಗುತ್ತದೆ. ನಾಲ್ಕು ಮೂಲೆಯ ಕೋಣೆಯಾದರೆ ಉದ್ದ ಅಗಲ ಅಳೆದು ಐದು ನಿಮಿಷದಲ್ಲಿ ಲೆಕ್ಕ ಮುಗಿಸಬಹುದು. ಹೊಟ್ಟೆ ಉಬ್ಬಿದ ಕೋಣೆಗೆ ಅಂಥ ಸೂತ್ರವಿಲ್ಲ. ಒಳಗಿನ ಜಾಗವನ್ನೆಲ್ಲ ಚೌಕ ಚೌಕ ಮಾಡಿ ಲೆಕ್ಕ ಹಾಕಲು ಕೂತರೆ ಕೈಲೆಕ್ಕದಲ್ಲಿ ಮುಗಿಯುವ ಮಾತಲ್ಲ. ದೇವಕಿ ಒಳಗನ್ನು ಪೂರ್ತಿ ಬಿಟ್ಟುಬಿಡುತ್ತಿದ್ದಳು. ಗೋಡೆಯನ್ನು ಮಾತ್ರ ತುಣುಕು ಮಾಡಿ, ಒಂದೊಂದು ತುಣುಕಿನ ಎದುರು ಗಾಳಿಯ ಒತ್ತಡ ಎಷ್ಟು ಎಂಬ ಒಂದೇ ಪ್ರಶ್ನೆ ಇಟ್ಟುಕೊಳ್ಳುತ್ತಿದ್ದಳು. ಪ್ರತಿ ತುಣುಕಿನ ಒತ್ತಡಕ್ಕೆ ಉಳಿದ ತುಣುಕುಗಳೆಲ್ಲ ಕಾರಣ. ಯಾವುದು ಎಷ್ಟು ಕಾರಣ ಎಂಬುದನ್ನು ನಡುವಿನ ದೂರ ಮತ್ತು ಸ್ವರದ ಎತ್ತರ ತೀರ್ಮಾನಿಸುತ್ತವೆ. ಒಂದು ಎತ್ತರ ಆರಿಸಿಕೊಂಡು ಈ ಸಂಖ್ಯೆಗಳನ್ನೆಲ್ಲ ಸಾಲಾಗಿ ಬರೆದು, ಗುಣಿಸಿ ಕಳೆದು ಕೊನೆಗೆ ಒಂದು ಸಂಖ್ಯೆಗೆ ಇಳಿಸಬೇಕು. ಆ ಸಂಖ್ಯೆ ಸೊನ್ನೆಯಾದ ಎತ್ತರವೇ ಕೋಣೆಯ ಸ್ವರ. ಇವತ್ತು ಇದಕ್ಕೆ ಬೌಂಡರಿ ಎಲಿಮೆಂಟ್ ವಿಧಾನ ಎನ್ನುತ್ತಾರಂತೆ. ಕಂಪ್ಯೂಟರು ಗುಂಡಿ ಒತ್ತಿದರೆ ಮಾಡಿಬಿಡುತ್ತದಂತೆ. ನಮಗೆ ಆ ಹೆಸರೂ ಗೊತ್ತಿರಲಿಲ್ಲ, ಗುಂಡಿಯೂ ಇರಲಿಲ್ಲ.

ಗೌಡರು ಮುರಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ನಮ್ಮ ಮಾತು ಕೇಳುತ್ತಿದ್ದರು.

"ಟೀಚರಮ್ಮ, ಕೇಳಿದ್ರಾ ವಿಷಯ? ಎಷ್ಟು ಫಸಲು ಬರ್ತದೆ ಅಂತ ಗೊತ್ತಾಗ್ಬೇಕಾದ್ರೆ ನಾನು ಗಿಡ ಗಿಡ ನೋಡ್ಬೇಕು. ನನ್ನ ಮಗಳು ಬೇಲಿ ಸುತ್ತ ಒಂದು ರೌಂಡ್ ಹೊಡ್ದು ಮನೇಲಿ ಕೂತು ಹೇಳ್ತಾಳಂತೆ!" ಆಮೇಲೆ ಮಗಳ ಕಡೆ ತಿರುಗಿ ತಮ್ಮ ಅರೆಭಾಷೆಯಲ್ಲಿ, "ನಿಂಗೆ ಬುದ್ಧಿ ಉಟ್ಟಾ?" ಎಂದರು, ಬುದ್ಧಿ ಇದೆಯಾ ಎಂದು.

"ಬೇಲಿ ಸರಿ ನೋಡಿರೆ ಸಾಕಪ್ಪ, ಒಳಗೆ ಎಂಥ ಉಟ್ಟುಂತ ಹೇಳಕ್," ಎಂದಳು ದೇವಕಿ. ನನಗೆ ಕನ್ನಡದಲ್ಲಿ, "ಕಮಲಾ, ನನಗೊಂದು ನಿಜವಾದ ಕೋಣೆ ಬೇಕಿತ್ತು ಕಣೆ. ಕಾಗದದ ಮೇಲಿನ ಕೋಣೆಗಳಿಗೆ ಲೆಕ್ಕ ಮಾಡಿ ಮಾಡಿ ಸಾಕಾಗಿದೆ. ಆ ಬಚ್ಚಲುಮನೆ ಅಳೆಯೋಣ," ಎಂದಳು.

ಮರುದಿನ ಶಾಲೆ ಬಿಟ್ಟ ಮೇಲೆ ಆಟದ ಬಯಲಿನ ಟೇಪು ತಂದು ಅಳೆದೆವು. ಮಾಧವಿಯಮ್ಮ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು.

"ಏನು, ದೊರೆ ವಾಪಸ್ ಬರ್ತಾನೋ? ಹೊಸ ಟಬ್ ಬರ್ತದೋ?"

ವಿಷಯ ಹೇಳಿದೆವು. ಅವರು ಸಿಟ್ಟಾಗುತ್ತಾರೆಂದು ನಾನು ಎಣಿಸಿದ್ದೆ. ಸಿಟ್ಟಾಗಲಿಲ್ಲ, ಉತ್ಸಾಹಗೊಂಡು ದೇವಕಿಯನ್ನು ತಮ್ಮ ಮಲಯಾಳದಲ್ಲಿ ಮಗಳೇ ಎಂದು ಕರೆದರು. "ಮಾಡಿ ಮೋಳೇ, ಮಾಡಿ. ಈ ಕೋಣೆಯಲ್ಲಿ ನನ್ನ ಪಂಚಮ ಎಷ್ಟು ಶುದ್ಧ ಇದೆ ಅಂತ ಲೆಕ್ಕದಲ್ಲೇ ಬರಲಿ. ಆ ಪರೀಕ್ಷಕರ ಮುಂದೆ ಹಿಡಿತೇನೆ." ಲೆಕ್ಕ ತಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತದೆ ಎಂಬುದರಲ್ಲಿ ಅವರಿಗೆ ಸಂಶಯವೇ ಇರಲಿಲ್ಲ.

ಹಾಗೆ ಶುರುವಾಯಿತು ನಮ್ಮ ಸಂಜೆಯ ಕೆಲಸ. ತೋಟದ ಆಫೀಸಿನಲ್ಲಿ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರವೊಂದಿತ್ತು. ಶನಿವಾರದ ಬಟವಾಡೆಗೆ ಬಿಟ್ಟರೆ ಅದಕ್ಕೆ ಕೆಲಸವಿರಲಿಲ್ಲ. ಹಿಡಿ ತಿರುಗಿಸಿದರೆ ಗರಗರ ಸದ್ದು, ಸಂಖ್ಯೆ ಮೀರಿದರೆ ಒಂದು ಠಣ್. ಪಕ್ಕದಲ್ಲಿ ಪಲ್ಪರ್ ತಿರುಗುತ್ತ, ಸಿಪ್ಪೆಯ ಹುಳಿ ವಾಸನೆ ಕಿಟಕಿಯಿಂದ ಬರುತ್ತ ಇರುವಾಗ ದೇವಕಿ ಯಂತ್ರ ತಿರುಗಿಸುತ್ತಿದ್ದಳು. ನಾನು ಲಾಗರಿದಮ್ ಪುಸ್ತಕ ಇಟ್ಟುಕೊಂಡು ಅದೇ ಲೆಕ್ಕವನ್ನು ಬೇರೆ ಹಾಳೆಯಲ್ಲಿ ಮಾಡುತ್ತಿದ್ದೆ. ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡಬಾರದು, ಸಾಲು ಮುಗಿದ ಮೇಲೆ ತಾಳೆ ನೋಡಬೇಕು, ತಾಳೆಯಾಗದಿದ್ದರೆ ಇಬ್ಬರೂ ಮೊದಲಿನಿಂದ. ಈ ನಿಯಮ ನನ್ನದು. ದೇವಕಿ ಗೊಣಗಿದಳು. ನಾನು ಬಗ್ಗಲಿಲ್ಲ.

ದೂರಕ್ಕೆ ತಕ್ಕ ಪ್ರಭಾವ ಎಷ್ಟೆಂದು ಹೇಳುವ ದಪ್ಪ ಕೋಷ್ಟಕದ ಪುಸ್ತಕವನ್ನು ಓದಿ ಹೇಳುವ ಕೆಲಸ ಮಾಧವಿಯಮ್ಮನದು. ದಶಮಾಂಶಗಳನ್ನು ಓದುವುದರಲ್ಲೂ ಅವರಿಗೆ ತಾಳ ಬೇಕು. "ಸೊನ್ನೆ ಬಿಂದು ಮೂರು ಏಳೂ, ಎರಡು ಎಂಟೂ," ಎಂದು ಅವರು ಎಳೆದರೆ ಹೊರಗೆ ಚೀಲ ಹೊರುತ್ತಿದ್ದ ಹೆಂಗಸರು ನಗುತ್ತಿದ್ದರು.

"ಟೀಚರ್, ಇದು ಯಾವ ರಾಗ?" ಎಂದು ಗೌಡರು ಜಗಲಿಯಿಂದ ಕೂಗುವರು.

"ಕೋಷ್ಟಕ ರಾಗ ಗೌಡರೇ. ಕಾಲು ಮುರಿದವರು ಕೇಳಿದರೆ ಬೇಗ ವಾಸಿ."

ಕೋಣೆಯ ಎಡಭಾಗ ಬಲಭಾಗ ಒಂದೇ ತರಹ ಇದ್ದದ್ದರಿಂದ ಅರ್ಧ ತುಣುಕುಗಳು ಸಾಕಾದವು. ಇನ್ನೊಂದು ಉಳಿತಾಯವನ್ನು ದೇವಕಿ ತಾನೇ ಮಾಡಿದಳು. ಒಂದು ತುಣುಕು ಇನ್ನೊಂದರ ಮೇಲೆ ಬೀರುವ ಪ್ರಭಾವದಲ್ಲಿ ಎರಡು ಪಾಲಿರುತ್ತವೆ, ಬೇರೆ ಬೇರೆ ಕೋಷ್ಟಕದಿಂದ ತೆಗೆಯಬೇಕಾದವು. ಮುಖ್ಯವಾದದ್ದು ಒಂದೇ, ಅದೊಂದರಿಂದಲೇ ಉತ್ತರ ಸಿಗುತ್ತದೆ, ಎರಡನ್ನೂ ಹಿಡಿದರೆ ಪಿಕ್ಕಿಂಗ್ ಮುಗಿದರೂ ನಮ್ಮದು ಮುಗಿಯುವುದಿಲ್ಲ ಎಂದಳು. ಇನ್ನೊಂದು ಪಾಲನ್ನು ಬಿಟ್ಟೆವು.

ಒಂದು ಎತ್ತರಕ್ಕೆ ಒಂದು ಚುಕ್ಕೆ. ಗ್ರಾಫ್ ಕಾಗದದ ಮೇಲೆ ಚುಕ್ಕೆಗಳು ನಿಧಾನವಾಗಿ ಇಳಿದವು. ಜನವರಿಯ ಚಳಿಯಲ್ಲಿ ಒಂದು ಸಂಜೆ ಗೆರೆ ಸೊನ್ನೆಯನ್ನು ದಾಟಿತು. ದೇವಕಿ ಆ ಎತ್ತರವನ್ನು ತಂಬೂರಿಯ ಶ್ರುತಿಯ ಜೊತೆ ಹೋಲಿಸಿದಳು. ಮಂದ್ರ ಪಂಚಮದ ಹತ್ತಿರವೇ ಇತ್ತು. ಪಂಚಮ ಆಗಿರಲಿಲ್ಲ. ಕೂದಲೆಳೆಯಷ್ಟು ಮೇಲೆ.

ನನಗೆ ಎಲ್ಲ ತಟ್ಟನೆ ಹೊಳೆಯಿತು. ಕೆಳಗಿನ ಸ್ವರದಲ್ಲಿ ಮಕ್ಕಳ ದನಿಗೆ ಬಲವಿಲ್ಲ. ಬಲ ಕೊಡುವುದು ಕೋಣೆ. ಅದು ಎಲ್ಲಿ ಬಲ ಕೊಡುತ್ತದೋ ಅಲ್ಲಿಗೆ ದನಿ ತಾನಾಗಿ ಜಾರುತ್ತದೆ. ಹುಡುಗಿಯರು ತಂಬೂರಿಯ ಪಂಚಮ ಕಲಿತಿರಲಿಲ್ಲ, ಬಚ್ಚಲುಮನೆಯ ಪಂಚಮ ಕಲಿತಿದ್ದರು.

ಮಾಧವಿಯಮ್ಮ ಕೋಷ್ಟಕದ ಪುಸ್ತಕ ಮುಚ್ಚಿದರು. "ಮುಂದೆ ಹೋಗಿ. ಅಲ್ಲೇ ನಿಲ್ಲಬೇಡಿ," ಎಂದಷ್ಟೇ ಹೇಳಿದರು.

ಮುಂದೆ ಹೋದೆವು. ಸ್ವಲ್ಪ ಮೇಲೆ, ಧೈವತ ದಾಟಿದ ಮೇಲೆ, ಗೆರೆ ಇನ್ನೊಮ್ಮೆ ಸೊನ್ನೆಯನ್ನು ಮುಟ್ಟಿತು. ಅಲ್ಲೂ ಕೋಣೆಗೆ ಒಂದು ಸ್ವರ ಇರಬೇಕು. ಪರೀಕ್ಷಿಸಲು ಬಚ್ಚಲುಮನೆಗೆ ಹೋದೆವು. ಮಾಧವಿಯಮ್ಮ ತಂಬೂರಿಯ ಒಂದು ತಂತಿಯನ್ನು ಸಡಿಲಿಸಿ, ಮೀಟುತ್ತ, ಬಿರಡೆಯನ್ನು ಎಳ್ಳೆಳ್ಳಷ್ಟೇ ತಿರುಗಿಸಿ ಏರಿಸಿದರು. ಪಂಚಮದ ಸುತ್ತಮುತ್ತ ಕೋಣೆ ತುಂಬಿ ಮೊರೆಯಿತು. ಇನ್ನೂ ಏರಿಸಿದರು. ದೇವಕಿ ಎರಡನೆಯ ಸ್ವರಕ್ಕಾಗಿ ಗೋಡೆಗೆ ಕಿವಿ ಹಚ್ಚಿ ನಿಂತಳು. ತಂತಿ ಅದನ್ನು ದಾಟಿ ಹೋಯಿತು. ಕೋಣೆ ಸುಮ್ಮನಿತ್ತು.

"ಇನ್ನೊಂದ್ಸಲ," ಎಂದಳು ದೇವಕಿ. ಇನ್ನೊಂದು ಸಲವೂ ಇಲ್ಲ.

ಮಾಧವಿಯಮ್ಮ ತಂಬೂರಿ ಕೆಳಗಿಟ್ಟು ನಕ್ಕರು. ಆ ನಗೆಯಲ್ಲಿ ಪ್ರಾಣ ಉಳಿದ ನಿರಾಳವಿತ್ತು. "ನಿಮ್ಮ ಲೆಕ್ಕ ಎರಡು ಸ್ವರ ಹೇಳಿತು. ಒಂದು ಸುಳ್ಳು. ಹಾಗಾದರೆ ಇನ್ನೊಂದು ಮಾತ್ರ ಯಾಕೆ ನಿಜ? ಕೋಣೆ ಮೊರೆದದ್ದು ಪಂಚಮದಲ್ಲೇ. ಕೂದಲೆಳೆ ಮೇಲೆ ಅನ್ನೋದು ನಿಮ್ಮ ಕಾಗದ, ಅಲ್ಲ ಅನ್ನೋದು ನನ್ನ ಕಿವಿ."

ಹೆಡ್‌ಮಿಸ್ಟ್ರೆಸ್ ಅಷ್ಟು ಮೆದುವಾಗಿ ಹೇಳಲಿಲ್ಲ. "ನಿಮ್ಮ ಗುಣಾಕಾರಕ್ಕೆ ಶಾಲೆಯ ಟೇಪು ಕೊಟ್ಟದ್ದೇ ಹೆಚ್ಚಾಯಿತು," ಎಂದರು.

ದೇವಕಿ ಸೊರಗಿದಳು. ಗುಣಿಸುವಾಗ ಎಲ್ಲೋ ತಪ್ಪಿದ್ದೇವೆ ಎಂದಳು. ತಪ್ಪಿಲ್ಲ ಎಂದೆ. ಎರಡು ಹಾಳೆ, ಎರಡು ಕೈ, ಸಾಲು ಸಾಲೂ ತಾಳೆಯಾಗಿದೆ. "ನಿನ್ನ ಆ ಹಾಳಾದ ನಿಯಮ!" ಎಂದು ನನ್ನ ಮೇಲೆ ರೇಗಿದಳು. ರೇಗಿದ್ದು ಸರಿಯೇ. ಗುಣಾಕಾರದ ಮೇಲೆ ಹಾಕಿ ತಪ್ಪಿಸಿಕೊಳ್ಳುವ ದಾರಿಯನ್ನು ನಿಯಮ ಮುಚ್ಚಿತ್ತು. ತಪ್ಪು ಇದ್ದರೆ ವಿಧಾನದಲ್ಲೇ ಇರಬೇಕು, ಅದು ಅವಳ ಎರಡು ವರ್ಷದ ದುಡಿಮೆ. ಕೆಲವು ಸಂಜೆ ಯಂತ್ರ ಮುಸುಕು ಹೊದ್ದು ಕೂತಿತ್ತು.

ಒಂದು ಶನಿವಾರ ಮಧ್ಯಾಹ್ನ ತೂಕದ ಹೊತ್ತಿಗೆ ನಾನು ಅಲ್ಲಿಗೆ ಹೋದೆ. ಹೆಂಗಸರು ಕೊಯ್ದ ಹಣ್ಣಿನ ಚೀಲಗಳನ್ನು ತಂದು ಸಾಲಾಗಿ ಇಟ್ಟಿದ್ದರು. ತಕ್ಕಡಿಗೆ ಏರಿಸುವುದು ಒಂದು ಪರೀಕ್ಷೆ. ಆಮೇಲೆ ಚೀಲವನ್ನು ಕಣದ ಮೇಲೆ ಸುರಿದು, ಕೈಯಾಡಿಸಿ, ಹಸಿರು ಕಾಯಿ ಸೇರಿದೆಯೇ ನೋಡುವುದು ಇನ್ನೊಂದು. ಆ ದಿನ ಒಂದು ಚೀಲ ತೂಕದಲ್ಲಿ ಎಲ್ಲಕ್ಕಿಂತ ಮುಂದಿತ್ತು. ಸುರಿದರೆ ಅರ್ಧ ಹಸಿರು.

"ಎಂತಕ್ಕಾ ಇದು, ತೋಟ ಬೋಳಿಸ್ತೀರಾ?" ಎಂದು ಬೈಯಲು ಬಾಯಿ ತೆರೆದ ದೇವಕಿ ಅರ್ಧಕ್ಕೇ ನಿಲ್ಲಿಸಿದಳು. ಸುರಿದ ರಾಶಿಯನ್ನೇ ನೋಡುತ್ತ ನಿಂತಳು. ಚೀಲದವಳು, "ಸುಮ್ನೆ ನಿಂತ್ರೆ ಇನ್ನೂ ಹೆದ್ರಿಕೆ ಆಗ್ತದೆ ಅಮ್ಮ, ಬೈದ್ಬಿಡಿ," ಎಂದಳು.

"ಕಮಲಾ," ಎಂದಳು ದೇವಕಿ, "ನಾವು ತೂಕ ಮಾತ್ರ ನೋಡಿದ್ವಿ. ಸುರಿದು ನೋಡಲಿಲ್ಲ."

ಅವಳು ಹೇಳಿದ್ದು ಬಿಟ್ಟುಬಿಟ್ಟ ಆ ಇನ್ನೊಂದು ಪಾಲಿನ ಮಾತು. ಕೋಣೆಯ ನಿಜವಾದ ಸ್ವರವಾದರೆ ಗೋಡೆಯ ಒತ್ತಡಗಳು ಎರಡೂ ಪಾಲಿನ ಸಮೀಕರಣಗಳಿಗೆ ಒಪ್ಪಬೇಕು. ಒಂದೇ ಪಾಲು ಇಟ್ಟುಕೊಂಡಾಗ ಅದಕ್ಕೆ ಮಾತ್ರ ಒಪ್ಪುವ ಪೊಳ್ಳು ಸ್ವರಗಳೂ ಜೊತೆಗೆ ನುಸುಳುತ್ತವೆ. ನಮ್ಮ ಶ್ರಮ ಉಳಿಸಿದ ಉಪಾಯವೇ ಆ ಎರಡನೆಯ ಸ್ವರವನ್ನು ಹುಟ್ಟಿಸಿತ್ತು. ಪುಣ್ಯಕ್ಕೆ ಎಲ್ಲವನ್ನೂ ಮತ್ತೆ ಮಾಡಬೇಕಾಗಿರಲಿಲ್ಲ. ಸಿಕ್ಕಿದ ಎರಡು ಸ್ವರಗಳನ್ನು ಬಿಟ್ಟ ಪಾಲಿನ ಎದುರು ನಿಲ್ಲಿಸಿ ನೋಡಿದರೆ ಸಾಕಿತ್ತು.

ಕೋಷ್ಟಕ ಓದಲು ಮಾಧವಿಯಮ್ಮ ಬಂದರು. ಕರೆಯಲು ನನಗೆ ಧೈರ್ಯವಿರಲಿಲ್ಲ, ಅವರೇ ಬಂದರು. ಆ ಸಂಜೆ ಅವರು ದಶಮಾಂಶಗಳನ್ನು ಎಳೆಯಲಿಲ್ಲ. ಎರಡನೆಯ ಸ್ವರವನ್ನು ಮೊದಲು ನಿಲ್ಲಿಸಿದೆವು. ಒಪ್ಪಲಿಲ್ಲ, ಸಂಖ್ಯೆಗಳು ದಿಕ್ಕಾಪಾಲಾದವು. ಆಮೇಲೆ ಮೊದಲನೆಯದು. ಸಾಲು ಸಾಲೂ ಸೊನ್ನೆಯ ಹತ್ತಿರಕ್ಕೆ ಬಂದು ಕೂತವು. ಹಾಳೆಗಳನ್ನು ತಾಳೆ ನೋಡಿದೆವು. ಯಾರೂ ಗೆದ್ದವರಂತೆ ಮಾತಾಡಲಿಲ್ಲ.

"ಹಾಗಾದರೆ ಕೂದಲೆಳೆ ಮೇಲೆಯೇ," ಎಂದರು ಮಾಧವಿಯಮ್ಮ.

"ಹೌದು."

"ಕೋಣೆ ಬಿಡಬೇಕಾ?"

ಬಿಡಲು ಬೇರೆ ಕೋಣೆ ಇರಲಿಲ್ಲ. ಜಗಲಿಯಲ್ಲಿ ಪಾಠ ಮಾಡಿದರೆ ಕಾಫಿ ಲಾರಿಗಳ ಸದ್ದಿನಲ್ಲಿ ತಂಬೂರಿಯೇ ಕೇಳುತ್ತಿರಲಿಲ್ಲ. ದೇವಕಿಯ ಲೆಕ್ಕದಲ್ಲಿ ಇದಕ್ಕೂ ಉತ್ತರವಿತ್ತು. ಆ ಸ್ವರದಲ್ಲಿ ಗೋಡೆಯ ಯಾವ ತುಣುಕಿನ ಎದುರು ಗಾಳಿ ಹೆಚ್ಚು ಒತ್ತುತ್ತದೆ ಎಂಬುದೇ ಅಲ್ಲವೇ ನಾವು ಇಷ್ಟು ದಿನ ಹುಡುಕಿದ್ದು. ಬಾಗಿಲ ಗೋಡೆಯ ಎರಡು ಮೂಲೆಗಳಲ್ಲಿ, ಎದುರು ಉಬ್ಬಿನ ನಟ್ಟನಡುವೆ. ಅಲ್ಲಿ ಮೆತ್ತನೆಯ ವಸ್ತು ದಪ್ಪಗೆ ಒಟ್ಟಿದರೆ ಕೋಣೆ ಆ ಸ್ವರವನ್ನು ಮರೆಯುತ್ತದೆ. ಗೌಡರು ಖಾಲಿ ಗೋಣಿಚೀಲ ಕೊಟ್ಟರು, ಅಕ್ಕಿ ಗಿರಣಿಯಿಂದ ಭತ್ತದ ಹೊಟ್ಟು ಬಂತು.

"ಪಾಸಾದ್ರೆ ಚೀಲ ವಾಪಸ್ ಮಾಡಿ ಟೀಚರೇ. ಫೇಲಾದ್ರೆ ನನ್ನ ಮಗಳನ್ನೂ ಸೇರ್ಸಿ ಇಟ್ಕೊಳ್ಳಿ," ಎಂದರು.

ಚೀಲಗಳನ್ನು ಒಟ್ಟಿದ ದಿನ ಹುಡುಗಿಯರೂ ನಾವೂ ಬಾಗಿಲಲ್ಲಿ ಗುಂಪಾಗಿ ನಿಂತೆವು. ಮಾಧವಿಯಮ್ಮ ತಂಬೂರಿ ಹಿಡಿದು ಷಡ್ಜದಲ್ಲಿ ನಿಂತು, ಮೆಟ್ಟಿಲು ಮೆಟ್ಟಿಲಾಗಿ ಪಂಚಮಕ್ಕೆ ಇಳಿದರು.

ಗಂಟೆಯ ನಾದ ಇರಲಿಲ್ಲ. ಒಂದು ಸಣ್ಣ ದನಿ ಇತ್ತು. ಸವೆದ, ನಡುವೆ ಉಸಿರು ಕೇಳುವ, ಅಂಚಿನಲ್ಲಿ ಸ್ವಲ್ಪ ನಡುಗುವ ದನಿ. ಅವರು ನಿಲ್ಲಿಸಿದರು. ಮತ್ತೆ ಷಡ್ಜಕ್ಕೆ ಹೋಗಿ ಮತ್ತೆ ಇಳಿದರು. ಅದೇ ದನಿ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮಕ್ಕಳೇ, ಇವತ್ತು ಪಾಠ ಇಲ್ಲ. ಹೋಗಿ ಆಡಿ," ಎಂದರು.

ದೇವಕಿಯೂ ಹೋದಳು. ನಾನು ಉಳಿದೆ. ಅವರು ಬಿರಡೆಗಳನ್ನು ಸವರುತ್ತಿದ್ದರು.

"ಅಷ್ಟು ವರ್ಷ ಅದು ನನ್ನ ದನಿ ಅಂದುಕೊಂಡಿದ್ದೆ ಟೀಚರೇ. ಅಣ್ಣನ ಮನೆಯಲ್ಲಿ ದನಿ ಹೋಯಿತು, ಇಲ್ಲಿಗೆ ಬಂದ ಮೇಲೆ ದೇವರು ವಾಪಸ್ ಕೊಟ್ಟ ಅಂದುಕೊಂಡಿದ್ದೆ. ಆ ಚೀಲ ತೆಗೆಸಿಬಿಡಿ."

ಸಮಾಧಾನ ಹೇಳುವುದು ನನಗೆ ಯಾವ ಹಾಸ್ಟೆಲಿನಲ್ಲೂ ಕಲಿಸಿರಲಿಲ್ಲ. ಕೇಳಿದ್ದನ್ನು ಹೇಳಿದೆ. "ಶ್ರುತಿ ಸರಿಯಾಗಿತ್ತು."

"ದನಿ?"

"ದನಿ ಸಣ್ಣದಾಗಿತ್ತು. ಶ್ರುತಿ ತಂಬೂರಿಗೆ ಕೂತಿತ್ತು. ಮೊದಲು ಯಾವತ್ತೂ ಅಷ್ಟು ಸರಿಯಾಗಿ ಕೂತದ್ದನ್ನು ಕೇಳಿರಲಿಲ್ಲ. ಚೀಲ ತೆಗೆಸಬೇಕಾದರೆ ನಾಳೆ ತೆಗೆಸುತ್ತೇನೆ. ಈಗ ಊಟದ ಹೊತ್ತು."

"ನಿಮಗೆ ಹೃದಯದ ಜಾಗದಲ್ಲೂ ವಾಚೇ ಇದೆ," ಎಂದರು. ಆದರೆ ಎದ್ದು ಬಂದರು, ಊಟ ಮಾಡಿದರು.

ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅವರ ಹಾಸಿಗೆ ಖಾಲಿ. ಬಂಗಲೆಯ ಕಡೆಯಿಂದ ತಂಬೂರಿ ಕೇಳುತ್ತಿತ್ತು. ಅದರೊಳಗೆ ಆ ಸಣ್ಣ ದನಿ ಇಳಿಯುವುದು, ನಿಲ್ಲುವುದು, ಉಸಿರು ಎಳೆದುಕೊಂಡು ಮತ್ತೆ ಇಳಿಯುವುದು. ನಾನು ಚೀಲದ ಮಾತೆತ್ತಲಿಲ್ಲ. ಅವರೂ ಎತ್ತಲಿಲ್ಲ.

ಹುಡುಗಿಯರಿಗೆ ಮೊದಮೊದಲು ಅಳು ಬಂತು. "ಟೀಚರ್, ಕೋಣೆಗೆ ಗಂಟಲು ಕಟ್ಟಿದೆ," ಎಂದಳು ಆಮಿನಾ.

"ಕಟ್ಟಲಿ ಮೋಳೇ. ಇನ್ನು ಮೇಲೆ ನೀನು ಹಾಡು. ಅದು ಕೇಳಲಿ."

ಫೆಬ್ರವರಿಯಲ್ಲಿ ಪಿಕ್ಕಿಂಗ್ ಮುಗಿಯುತ್ತ ಬಂತು. ಮಾರ್ಚಿನಲ್ಲಿ ಹೂಮಳೆ ಬಿದ್ದು ಕಾಫಿ ಅರಳಿ ಸಿದ್ದಾಪುರದ ತೋಟಗಳೆಲ್ಲ ಬಿಳಿಯಾದವು. ಆ ಹೂವಿನ ವಾರದಲ್ಲೇ ಪರೀಕ್ಷೆ. ಅಮ್ಮತ್ತಿಯ ಮೇಲೆ ಹೋಗುವ ಬೆಳಗಿನ ಬಸ್ಸಿನಲ್ಲಿ ಹುಡುಗಿಯರನ್ನು ಕರೆದುಕೊಂಡು ಹೋದೆವು. ಮಾಧವಿಯಮ್ಮ ದಾರಿಯುದ್ದಕ್ಕೂ ಕಿಟಕಿಯ ಆಚೆ ನೋಡುತ್ತಿದ್ದರು.

ಪರೀಕ್ಷಕರು ಅವರೇ, ಹಿಂದಿನ ವರ್ಷದವರು. ಟೀಚರುಗಳು ಒಳಗೆ ಬರುವಂತಿರಲಿಲ್ಲ. ಜಗಲಿಯ ಬೆಂಚಿನ ಮೇಲೆ ಕೂತು ಕಿಟಕಿಯಿಂದ ಕೇಳಿದೆವು. ದೊಡ್ಡ ಹಾಲು, ಎತ್ತರದ ಹೆಂಚಿನ ಮಾಡು. ಯಾರಿಗೂ ಯಾವ ಸಹಾಯವನ್ನೂ ಮಾಡದ ಕೋಣೆ. ಮೊದಲನೆಯ ಹುಡುಗಿ ಇಳಿದಳು, ನಿಂತಳು. ಎರಡನೆಯವಳು ನಿಂತಳು. ಮೂರನೆಯವಳು ತಾಳ ತಪ್ಪಿದಳು, ಪಂಚಮ ತಪ್ಪಲಿಲ್ಲ. ನಾಲ್ಕನೆಯವಳೂ ಗಟ್ಟಿ. ಆಮಿನಾಳ ಸರದಿಯಲ್ಲಿ ಪರೀಕ್ಷಕರು ನಡುವೆಯೇ ತಡೆದರು.

"ಕೆಳಗೆ ಇಳಿದೆಯಲ್ಲ, ಅದನ್ನ ಮತ್ತೆ ಹಾಡಮ್ಮ."

ಮಾಧವಿಯಮ್ಮ ನನ್ನ ಮಣಿಕಟ್ಟನ್ನು ವಾಚಿನ ಸಮೇತ ಹಿಡಿದುಕೊಂಡರು. ಒಳಗೆ ಆಮಿನಾ ಒಂದು ಗುಟುಕು ಉಸಿರು ಎಳೆದುಕೊಂಡದ್ದು ಕೇಳಿಸಿತು. ಇಳಿದಳು. ದನಿ ಚಿಕ್ಕದು, ಅಲುಗಲಿಲ್ಲ. ಪರೀಕ್ಷಕರು ಅವಳನ್ನು ಅಲ್ಲೇ ನಿಲ್ಲಿಸಿ, ತಂಬೂರಿ ಎರಡು ಸುತ್ತು ಮೀಟುವವರೆಗೆ ಕೇಳಿ, "ಸಾಕು," ಎಂದರು. ಸಾಕು ಎಂದರೆ ಏನರ್ಥ ಎಂದು ಸಿದ್ದಾಪುರ ತಲುಪುವವರೆಗೂ ಬಸ್ಸಿನಲ್ಲಿ ಚರ್ಚೆಯಾಯಿತು.

ತಾಳ ತಪ್ಪಿದವಳೊಬ್ಬಳನ್ನು ಬಿಟ್ಟು ಎಲ್ಲರೂ ಪಾಸಾದರು. ಪಂಚಮದ ಬಗೆಗೆ ಯಾರ ಮೇಲೂ ದೂರಿರಲಿಲ್ಲ. ರಜೆಗೆ ಮುಂಚೆ ಹುದ್ದೆ ಮುಂದುವರಿಯುವುದಾಗಿ ಮೇಲಿನಿಂದ ಆದೇಶ ಬಂತು. ಹೆಡ್‌ಮಿಸ್ಟ್ರೆಸ್ ಅದನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಓದಿದರು. ಮಾಧವಿಯಮ್ಮ ಹೊಸ ಸೀರೆ ಉಟ್ಟಿರಲಿಲ್ಲ ಎಂದು ಬೇಸರಪಟ್ಟುಕೊಂಡರು. ದೇವಕಿ ಅಪ್ಪನ ಕಾಲಿನ ಕಟ್ಟು ಬಿಚ್ಚಿಸಿ, ನಮ್ಮ ಎರಡೆರಡು ಹಾಳೆಗಳನ್ನೂ ಕಟ್ಟಿಕೊಂಡು ಮದರಾಸಿಗೆ ಹೊರಟಳು. ಪೊಳ್ಳು ಸ್ವರವನ್ನು ಹಿಡಿಯುವುದು ಹೇಗೆ ಎಂಬುದೇ ಅವಳ ಪ್ರಬಂಧದ ಒಂದು ಅಧ್ಯಾಯವಾಯಿತು.

ಅವಳು ಹೋದ ವಾರ ಗೌಡರು ಊರುಗೋಲು ಹಿಡಿದುಕೊಂಡು, ಎತ್ತಿನಗಾಡಿ ಹೊಡೆಸಿಕೊಂಡು ಶಾಲೆಗೆ ಬಂದರು. ಪರೀಕ್ಷೆ ಮುಗಿದಿತ್ತು, ಕೆಲಸ ಉಳಿದಿತ್ತು, ಚೀಲಗಳ ಅಗತ್ಯ ಇನ್ನೇನಿದೆ ಎಂದು ಎಲ್ಲರಿಗೂ ಅನಿಸಿತ್ತು. ನನಗೂ. ಚೀಲ ಎತ್ತಿದರೆ ಆ ಕೋಣೆ ಮಾಧವಿಯಮ್ಮನಿಗೆ ಹಳೆಯ ದನಿಯನ್ನು ಮರಳಿ ಕೊಡುತ್ತಿತ್ತು. ಇನ್ನು ಅದಕ್ಕೆ ಅಡ್ಡಿ ಹೇಳುವವರೂ ಇರಲಿಲ್ಲ. ಅವರು ಬಾಗಿಲಿಗೆ ಅಡ್ಡ ನಿಂತರು.

"ಚೀಲ ಇರಲಿ ಗೌಡರೇ."

"ಎಂತಕ್ಕೆ? ಮಳೆಗಾಲಕ್ಕೆ ಹೊಟ್ಟಿಗೆ ಇಲಿ ಸೇರ್ತಾವೆ. ಮತ್ತೆ ನನ್ನನ್ನು ಬೈಬೇಡಿ."

"ಸೇರಲಿ. ಅವಕ್ಕೂ ಶ್ರುತಿ ಬರಲಿ."

ಗೌಡರು ನನ್ನ ಮುಖ ನೋಡಿದರು. ಅವರು ಗಾಡಿ ತಿರುಗಿಸಲು ಹೇಳಿ ಮೆಟ್ಟಿಲಲ್ಲೇ ಕೂತರು. ಮುಂದಿನ ವರ್ಷದ ಪರೀಕ್ಷೆಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಒಳಗೆ ಚಾಪೆಯ ಮೇಲೆ ಕಾಯುತ್ತಿದ್ದರು. ಮಾಧವಿಯಮ್ಮ ಗೋಣಿಚೀಲಕ್ಕೆ ಬೆನ್ನು ಕೊಟ್ಟು ಕೂತು ತಂಬೂರಿ ಎತ್ತಿಕೊಂಡರು. "ಇಲ್ಲಿ ಕೇಳಿ ಮಕ್ಕಳೇ," ಎಂದು, ತಮ್ಮ ಸಣ್ಣ ದನಿಯಲ್ಲಿ ಷಡ್ಜದಿಂದ ಕೆಳಕ್ಕೆ ಇಳಿದು ಪಂಚಮದಲ್ಲಿ ನಿಂತರು.